ಛತ್ರದವನ ಪಾಲು



ದಯಾಳು ಸಮಾರಿಯದವನ ಸಾಮತಿಯನ್ನು ನೀವು ಎಷ್ಟು ಬಾರಿ ಕೇಳಿದ್ದೀರೋ ಲೆಕ್ಕವಿರಲಾರದು. ನಮ್ಮ ಪ್ರಬೋಧನೆಗಳಲ್ಲಿ ಯಾಜಕ, ಲೇವಿಯ, ಸಮಾರಿಯದವ ಈ ಮೂವರ ಮಾತು ತಪ್ಪದೆ ಬರುತ್ತದೆ. ನಾಲ್ಕನೆಯವನೊಬ್ಬನಿದ್ದಾನೆ. ಅವನು ಛತ್ರದವನು. ಸಮಾರಿಯದವನು ಒಂದು ರಾತ್ರಿ ಆರೈಕೆ ಮಾಡಿ, ಮರುದಿನ ಎರಡು ಬೆಳ್ಳಿ ನಾಣ್ಯಗಳನ್ನು ಅವನ ಕೈಗಿತ್ತು ತನ್ನ ದಾರಿ ಹಿಡಿಯುತ್ತಾನೆ. ಆಮೇಲೆ ಗಾಯ ತೊಳೆದವರು, ಗಂಜಿ ಕುಡಿಸಿದವರು, ಹೊಲಸಾದ ಹಾಸಿಗೆ ಬದಲಿಸಿದವರು ಯಾರು? ಹಣ ಪಡೆದ ಆ ಮನುಷ್ಯನೇ ಇರಬೇಕು. ಹಣಕ್ಕಾಗಿ ಮಾಡಿದ ಕೆಲಸವೆಂಬ ಕಾರಣಕ್ಕೆ ಅವನ ಸೇವೆಯನ್ನು ಎರಡನೆಯ ದರ್ಜೆಗೆ ಇಳಿಸಬಹುದೇ?

ಈ ಪ್ರಶ್ನೆಯನ್ನು ನಮ್ಮ ನಾಡಿನ ಒಬ್ಬ ಮಗಳ ಬದುಕಿನ ಎದುರಿಗಿಟ್ಟು ನೋಡೋಣ. ಅರುಣಾ ಶಾನಭಾಗ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಹಳದೀಪುರದವರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು, ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ, ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕತ್ತು ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮಿದುಳಿಗೆ ಪ್ರಾಣವಾಯು ತಲುಪದೆ ದೃಷ್ಟಿ, ಮಾತು, ನಡೆ ಎಲ್ಲವೂ ಹೋದವು. ಆಗ ಅವರಿಗೆ 25 ವರ್ಷ. ಅಲ್ಲಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಸುಮಾರು ನಲವತ್ತೊಂದೂವರೆ ವರ್ಷ, ಅದೇ ಆಸ್ಪತ್ರೆಯಲ್ಲಿ ಅವರನ್ನು ನೋಡಿಕೊಂಡವರು ದಾದಿಯರು. 1980ರ ದಶಕದಲ್ಲಿ ಹಾಸಿಗೆ ಖಾಲಿ ಮಾಡಿಸಲು ನಗರಪಾಲಿಕೆ ಮುಂದಾದಾಗ ಪ್ರತಿಭಟಿಸಿ ಅದನ್ನು ತಡೆದವರೂ ಅವರೇ. ಕೊನೆಯ ವರ್ಷಗಳಲ್ಲಿ ಶುಶ್ರೂಷೆಗೆ ನಿಂತ ಎಳೆಯರಲ್ಲಿ ಅನೇಕರು 1973ರಲ್ಲಿ ಹುಟ್ಟಿಯೇ ಇರಲಿಲ್ಲ. ಅವರ ಪಾಲಿಗೆ ಅರುಣಾ ಸಹೋದ್ಯೋಗಿಯ ನೆನಪಲ್ಲ. ಡ್ಯೂಟಿ ಪಟ್ಟಿಯಲ್ಲಿ ಬರೆದ ಒಂದು ಹೆಸರು.

ಇಷ್ಟು ವರ್ಷಗಳಲ್ಲಿ ರೋಗಿಗೆ ಒಂದೇ ಒಂದು ಹಾಸಿಗೆ ಹುಣ್ಣು ಆಗಿಲ್ಲವೆಂದು ಆಸ್ಪತ್ರೆಯು ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಪತ್ರಿಕೆಯಲ್ಲಿ ಓದಿ ತಲೆದೂಗಿ ಮರೆತುಬಿಡುವ ವಾಕ್ಯವಿದು. ಅದರ ಭಾರವನ್ನು ಸ್ವಲ್ಪ ತೂಗಿ ನೋಡಿ. ಆರೋಗ್ಯವಂತರಾದ ನಾವು ನಿದ್ದೆಯಲ್ಲೂ ನಮಗರಿಯದಂತೆ ಮಗ್ಗುಲಾಗುತ್ತೇವೆ. ಮಿದುಳು ಅಥವಾ ಬೆನ್ನುಹುರಿ ಪೆಟ್ಟುತಿಂದವನಿಗೆ ಅದು ಸಾಧ್ಯವಿಲ್ಲ. ಸೊಂಟದ ಹಿಂಬದಿ, ಹಿಮ್ಮಡಿ, ತೊಡೆಯ ಮೇಲ್ಭಾಗ ಹೀಗೆ ಎಲುಬು ಚರ್ಮವನ್ನು ಒತ್ತುವ ಕಡೆಯಲ್ಲೆಲ್ಲ ರಕ್ತಸಂಚಾರ ನಿಂತು ಕೆಲವೇ ಗಂಟೆಗಳಲ್ಲಿ ಚರ್ಮ ಸಾಯತೊಡಗುತ್ತದೆ. ಆದ್ದರಿಂದಲೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ಹಳೆಯ ಪಾಠ. ದಿನಕ್ಕೆ 12 ಬಾರಿ. ಆ ಪಾಠದಂತೆಯೇ ನಡೆದಿದ್ದರೆ ನಲವತ್ತೊಂದೂವರೆ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಬಾರಿ! ಬೆಳಗಿನ ಜಾವ ನಾಲ್ಕರ ಸರದಿಯನ್ನು ತಪ್ಪಿಸಿ, ತಿರುಗಿಸಿದ್ದೇನೆ ಎಂದು ಪುಸ್ತಕದಲ್ಲಿ ಬರೆದಿದ್ದರೆ ಅರುಣಾ ದೂರು ಕೊಡುತ್ತಿರಲಿಲ್ಲ. ಸಾಕ್ಷಿ ಹೇಳಲು ಅವರಿಂದಾಗುತ್ತಿರಲಿಲ್ಲ. ದೂರಲಾರದ, ಕೃತಜ್ಞತೆ ಹೇಳಲಾರದ ರೋಗಿಯ ಮುಂದೆ ದಾದಿಯ ವೃತ್ತಿಧರ್ಮ ಬರಿಯ ಅಂತಃಸಾಕ್ಷಿಯ ಮೇಲೆ ನಿಲ್ಲುತ್ತದೆ.

ಪ್ರೀತಿಯೇ ಇದನ್ನೆಲ್ಲ ಮಾಡಿಸಿತು ಎನ್ನುವವರಿದ್ದಾರೆ. ಇರಬಹುದು. ಆದರೆ ಪ್ರೀತಿ ಭಾವನೆಯಾಗಿ ಏರಿಳಿಯುತ್ತದೆ; ಮಗುವಿಗೆ ಜ್ವರ ಬಂದ ದಿನ, ಮನೆಯಲ್ಲಿ ಜಗಳವಾದ ದಿನ ಅದು ಬತ್ತಲೂಬಹುದು. ಆ ದಿನವೂ ರೋಗಿಯ ಮಗ್ಗುಲು ಬದಲಾಗಬೇಕು. ಅಂದು ಕೈಹಿಡಿದು ನಡೆಸುವುದು ತರಬೇತಿ, ಕ್ರಮ, ಹಾಗೂ ಸಂಬಳ ಪಡೆಯುತ್ತಿದ್ದೇನೆಂಬ ಋಣಪ್ರಜ್ಞೆ. ಸೆಮಿನರಿಯಲ್ಲಿ ನೀತಿಶಾಸ್ತ್ರ ಓದುವಾಗ ಸದ್ಗುಣವೆಂದರೆ ರೂಢಿಯಾಗಿ ಬೇರೂರಿದ ಒಳಿತು ಎಂದು ಸಂತ ಥಾಮಸ್ ಅಕ್ವಿನಾಸರ ಹೆಸರಿನಲ್ಲಿ ನಮಗೆ ಕಲಿಸುತ್ತಿದ್ದರು. ಅದಕ್ಕೆ ಉದಾಹರಣೆ ಬೇಕಾದಾಗ ನನಗೆ ನೆನಪಾಗುವುದು ಆ ವಾರ್ಡು.

ಲೇಖಕಿ ಪಿಂಕಿ ವಿರಾನಿ ಅವರು ಅರುಣಾರಿಗೆ ಆಹಾರ ಉಣಿಸುವುದನ್ನು ನಿಲ್ಲಿಸಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಕೆಲವು ಕಟ್ಟುಪಾಡುಗಳೊಡನೆ ಪರೋಕ್ಷ ದಯಾಮರಣಕ್ಕೆ ದಾರಿ ತೆರೆದದ್ದೂ ಅದೇ ತೀರ್ಪು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ದಾರಿಯನ್ನು ಇನ್ನಷ್ಟು ವಿಸ್ತರಿಸಿತು. ರೋಗಿಯ ಪರವಾಗಿ ಮಾತನಾಡುವ 'ಸಮೀಪದ ಮಿತ್ರ' ಯಾರು ಎಂಬ ಪ್ರಶ್ನೆ ಬಂದಾಗ, ಆಸ್ಪತ್ರೆಯ ಸಿಬ್ಬಂದಿಯೇ ಎಂದು ನ್ಯಾಯಾಲಯ ಹೇಳಿತು. ನೆರೆಯವನು ಯಾರು ಎಂದು ಯೇಸುಸ್ವಾಮಿಯನ್ನು ಕೇಳಿದ ಧರ್ಮಶಾಸ್ತ್ರಿಗೆ ಈ ಉತ್ತರ ಅಪರಿಚಿತವೆನಿಸುತ್ತಿರಲಿಲ್ಲ. ಅರ್ಜಿದಾರರನ್ನು ಕಟುಕರೆಂದು ನಾನು ಕರೆಯಲಾರೆ. ಅವರ ನೋವೂ ನಿಜವಾದದ್ದೇ. ಧರ್ಮಸಭೆಯೂ ಎಲ್ಲ ಯಂತ್ರಗಳನ್ನು ಕೊನೆಯುಸಿರಿನವರೆಗೆ ಓಡಿಸಲೇಬೇಕೆಂದು ಹೇಳುವುದಿಲ್ಲ. ಅಸಾಮಾನ್ಯ ಚಿಕಿತ್ಸೆಯ ಬಾಧ್ಯತೆ ಇಲ್ಲವೆಂದು ಹನ್ನೆರಡನೇ ಪಿಯುಸ್ ಜಗದ್ಗುರುಗಳು 1957ರಲ್ಲಿಯೇ ಸ್ಪಷ್ಟಪಡಿಸಿದ್ದರು. ಆದರೆ ಅನ್ನ, ನೀರು, ಶುಚಿತ್ವ ಇವು ಮೂಲತಃ ಚಿಕಿತ್ಸೆಗಿಂತ ಆರೈಕೆಗೆ ಸೇರಿದವು ಎಂದು ಎರಡನೇ ಜಾನ್ ಪೌಲರು 2004ರಲ್ಲಿ ಹೇಳಿದರು. ಆ ದಾದಿಯರು ಈ ಭಾಷಣವನ್ನು ಓದಿದ್ದರೆಂದು ಯಾರೂ ಹೇಳಲಾರರು. ಮೀನಿನೂಟ ಕೊಟ್ಟಾಗ ಅರುಣಾರ ಮುಖದಲ್ಲಿ ನಗು ಮೂಡುತ್ತದೆಂಬುದನ್ನು ಮಾತ್ರ ಅವರು ಕಂಡಿದ್ದರು.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಲ್ಲಿ ದಾದಿಯರಿದ್ದಾರೆ. ಪಾರ್ಶ್ವವಾಯು ಬಡಿದ ತಂದೆಯನ್ನೋ ಮರೆವಿನ ರೋಗದ ತಾಯಿಯನ್ನೋ ಬಾಡಿಗೆ ದಾದಿಯ ಕೈಗೊಪ್ಪಿಸಿದ ಮನೆಗಳೂ ಕಡಿಮೆಯಿಲ್ಲ. ಅಲ್ಲಿ ಒಳ್ಳೆಯ ಮನಸ್ಸೊಂದೇ ಸಾಲದು. ಮಲಗಿದಂತೆಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ ಉಣಿಸಬೇಕು, ಉಂಡ ಮೇಲೂ ಅರ್ಧ ಗಂಟೆ ಹಾಗೆಯೇ ಇರಿಸಬೇಕು. ಸೋತ ಕೆನ್ನೆಯ ಒಳಗೆ ತುತ್ತು ಉಳಿದಿದೆಯೇ ಎಂದು ನೋಡಬೇಕು. ಎಬ್ಬಿಸುವಾಗ ಸೋತ ಕೈಯನ್ನು ಹಿಡಿದೆಳೆದರೆ ಭುಜದ ಕೀಲು ಜಾರುತ್ತದೆ. ಮಾತು ನಿಂತವರಿಗೆ ಕಿವಿ ಕೇಳಿಸುವುದುಂಟು. ಅವರ ಹಾಸಿಗೆಯ ಪಕ್ಕದಲ್ಲೇ ಆಸ್ತಿಯ ಪಾಲು ಮಾತನಾಡುವ ಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು.

ದಾದಿಯರನ್ನು ದೇವದೂತರೆಂದು ಹೊಗಳುವುದು ನಮಗೆ ಸುಲಭ. ದೇವದೂತರಿಗೆ ನಿದ್ದೆ ಬೇಡ, ಸಂಬಳ ಬೇಡ ಎಂದುಕೊಂಡು ಇಡೀ ವಾರ್ಡನ್ನು ಒಬ್ಬಳ ಹೆಗಲಿಗೇರಿಸುವುದೂ ಅಷ್ಟೇ ಸುಲಭ. ದಣಿದ ಕಣ್ಣು ಔಷಧಿಯ ಚೀಟಿಯನ್ನು ತಪ್ಪಾಗಿ ಓದಿದಾಗ ಹೊಣೆ ಆಕೆಯೊಬ್ಬಳದೇ ಆಗುತ್ತದೆ. ಅರುಣಾರ ಮೇಲಿನ ದಾಳಿ ನಡೆದದ್ದು ಎಲ್ಲಿ ಎಂಬುದನ್ನು ಮತ್ತೊಮ್ಮೆ ಗಮನಿಸಿ: ದಾದಿಯೊಬ್ಬಳು ಬಟ್ಟೆ ಬದಲಿಸಲು ಹೋಗಿದ್ದ ನೆಲಮಾಳಿಗೆಯಲ್ಲಿ. 2024ರ ಆಗಸ್ಟಿನಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದರಲ್ಲಿ ಯುವ ವೈದ್ಯೆಯ ಕೊಲೆಯಾದಾಗ ಸುಪ್ರೀಂ ಕೋರ್ಟು ಅರುಣಾರ ಹೆಸರನ್ನು ಪುನಃ ನೆನಪಿಸಿಕೊಳ್ಳಬೇಕಾಯಿತು.

ನಿಮ್ಮ ಮನೆಗೆ ಬಂದು ಹಗಲಿರುಳು ನಿಮ್ಮ ತಾಯಿಯ ಮಗ್ಗುಲು ಬದಲಿಸುವ ಆ ಹೆಣ್ಣುಮಗಳು ಎಷ್ಟು ಗಂಟೆ ನಿದ್ರಿಸುತ್ತಾಳೆ? ಆಕೆ ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸಲು ನಿಮ್ಮಲ್ಲಿ ಒಂದು ಕೋಣೆಯಿದೆಯೇ?