ಸದ್ದನ್ನು ಅಡಗಿಸುವುದೂ ದೋಷವನ್ನು ಕಳೆಯುವುದೂ

ಮನೆಯಲ್ಲಿ ಯಾವುದಾದರೊಂದು ವಸ್ತು ಸದ್ದುಮಾಡತೊಡಗಿದರೆ ಅದನ್ನು ಸುಮ್ಮನಾಗಿಸಬೇಕೆಂಬುದು ಮನುಷ್ಯನ ಮೊದಲನೆಯ ಇಚ್ಛೆ. ಅದು ಏತಕ್ಕೆ ಸದ್ದುಮಾಡುತ್ತಿದೆಯೆಂದು ಕೇಳುವುದು ಎರಡನೆಯದು. ಈ ಕ್ರಮವನ್ನು ಹಿಂದುಮುಂದಾಗಿಸಿಕೊಳ್ಳುವುದು ಬರಿಯ ಜಾಣತನದ ಮಾತೋ, ಅಥವಾ ಅದರಲ್ಲಿ ಧರ್ಮದ ಅಂಶವೂ ಸೇರಿದೆಯೋ ಎಂಬುದು ವಿಚಾರಣೀಯವಾಗಿದೆ. ಅಳುವ ಮಗುವಿನ ವಿಷಯದಲ್ಲಿ ಉತ್ತರವು ಎಲ್ಲರಿಗೂ ತಿಳಿದಿರತಕ್ಕದ್ದೇ. ಯಂತ್ರದ ವಿಷಯದಲ್ಲಿ ಅದು ಅಷ್ಟು ಸ್ಪಷ್ಟವಾಗಿಲ್ಲ.

ಈಚಿನ ವರ್ಷಗಳಲ್ಲಿ ಅನೇಕ ವಿದ್ಯಾವಂತರ ಮನೆಗಳಿಗೆ ನೆಟ್‌ವರ್ಕ್ ಸ್ಟೋರೇಜ್ ಎಂಬ ಪೆಟ್ಟಿಗೆಯೊಂದು ಬಂದು ಕುಳಿತಿದೆ. ಮನೆಯ ಕಂಪ್ಯೂಟರು ಮೊಬೈಲುಗಳಿಗೆಲ್ಲ ಅದು ಸಾಮಾನ್ಯವಾದ ಉಗ್ರಾಣ. ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಪೆಟ್ಟಿಗೆಯೊಳಗೆ ಎರಡು ಹಾರ್ಡ್ ಡಿಸ್ಕುಗಳಿವೆ. ಅವುಗಳಲ್ಲಿ ಮದುವೆ ಮುಂಜಿಗಳ ಚಿತ್ರಗಳು, ಜಮೀನಿನ ಕಾಗದಗಳ ಪ್ರತಿಗಳು, ಮತ್ತು ತೀರಿಹೋದ ಯಜಮಾನರು ಮೊಮ್ಮಗನಿಗೆ ಕಥೆ ಹೇಳಿದ ಧ್ವನಿ. ಗೋಡೆಯ ಆಚೆಗೆ ಅವರ ವೃದ್ಧ ಪತ್ನಿ ಮಲಗುತ್ತಾರೆ. ಪೆಟ್ಟಿಗೆಯು ರಾತ್ರಿಯೆಲ್ಲ ಗುಂಯ್‌ಗುಡುತ್ತದೆ, ಆಕೆಗೆ ನಿದ್ದೆಯಿಲ್ಲ. ಮಗನು ಅದನ್ನು ಬಟ್ಟೆಯ ಬೀರುವಿನೊಳಗಿಟ್ಟು ಬಾಗಿಲು ಹಾಕುತ್ತಾನೆ. ಸದ್ದು ಕೇಳಿಸದಾಗುತ್ತದೆ. ಅವನು ಮಾಡಿದ್ದು ಸರಿಯೆ?

ಸರಿಯೆನ್ನುವ ಪಕ್ಷದಲ್ಲಿಯೂ ಬಲವಾದ ಮಾತುಂಟು. ಹೋದವರ ಧ್ವನಿಯನ್ನು ಕಾಪಾಡುವ ನೆಪದಲ್ಲಿ ಇರುವವರ ನಿದ್ರೆಯನ್ನು ಕೆಡಿಸುವುದು ನ್ಯಾಯವಲ್ಲ. ಆದರೆ ಬೀರುವಿನ ಬಾಗಿಲು ಹಾಕಿದವನು ಆ ಸದ್ದು ಯಾವ ಜಾತಿಯದೆಂದು ಮೊದಲು ವಿಚಾರಿಸಿದನೆ?

ಏಕೆಂದರೆ ಸದ್ದುಗಳೆಲ್ಲ ಒಂದೇ ಅಲ್ಲ. ಡಿಸ್ಕಿನ ತಟ್ಟೆಯು ನಿಮಿಷಕ್ಕೆ 5,400 ಸಲವೋ 7,200 ಸಲವೋ ಸುತ್ತುತ್ತದೆ. ಎಂದರೆ ಸೆಕೆಂಡಿಗೆ 90 ಅಥವಾ 120 ಸುತ್ತು. ಅದೇ ಆ ಮಂದ್ರಸ್ವರದ ಮೂಲ. ತಂಬೂರಿಯ ತಂತಿಯನ್ನು ಬರಿಯ ಬಿಲ್ಲಿಗೆ ಕಟ್ಟಿ ಮೀಟಿದರೆ ಪಕ್ಕದವನಿಗೂ ಕೇಳಿಸದು. ಬುರುಡೆಗೆ ಸೇರಿಸಿದರೆ ಸಭೆಯೆಲ್ಲ ತುಂಬುತ್ತದೆ. ಹಾಗೆಯೇ ಡಿಸ್ಕಿನ ಅಲ್ಪ ಕಂಪನಕ್ಕೆ ಹಲಗೆಯ ಮೇಜು ಬುರುಡೆಯಾಗುತ್ತದೆ. ಎರಡು ಡಿಸ್ಕುಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರಂತೂ ಸದ್ದು ಏರಿ ಇಳಿದು, ಏರಿ ಇಳಿದು, ಶ್ರುತಿಗೂಡದ ಎರಡು ತಂತಿಗಳಂತೆ ಅಲೆಯಲೆಯಾಗಿ ಬರುತ್ತದೆ. ವೃದ್ಧೆಯನ್ನು ಎಬ್ಬಿಸಿದ್ದು ಪ್ರಾಯಶಃ ಈ ಅಲೆಯೇ. ಮೇಜಿನ ಮೇಲೆ ಅಂಗೈಯನ್ನು ಒತ್ತಿದಾಗ ಸ್ವರವು ಬದಲಾದರೆ ಅಪರಾಧವು ಮೇಜಿನದೆಂದು ತಿಳಿಯಬೇಕು. ಕೆಳಗೆ ರಬ್ಬರಿನ ಅಥವಾ ಬೆಂಡಿನ ಹಾಳೆಯನ್ನಿಟ್ಟು ಸಡಿಲವಾದ ತಿರುಪುಗಳನ್ನು ಬಿಗಿಮಾಡುವುದರಿಂದ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಫ್ಯಾನಿನ ಗೊರಗೊರ ಸದ್ದು ಧೂಳಿನದೋ ಸವೆದ ಬೇರಿಂಗಿನದೋ ಆಗಿರುತ್ತದೆ; ಅದರಲ್ಲಿ ತತ್ತ್ವವೇನೂ ಇಲ್ಲ.

ನಡುರಾತ್ರಿಯಲ್ಲಿ ಮಾತ್ರ ಕೇಳುವ ಕರಕರ ಸದ್ದು ಬೇರೆ. ಅನೇಕ ವೇಳೆ ಅದು ಪೆಟ್ಟಿಗೆಯು ತನ್ನಲ್ಲಿರುವುದನ್ನೆಲ್ಲ ಆದ್ಯಂತ ಓದಿ ಸರಿನೋಡುವ ಸಮಯ. ಓಲೆಗರಿಗಳನ್ನು ಇಟ್ಟುಕೊಂಡಿದ್ದ ಮನೆತನದವರು ಕಾಲಕಾಲಕ್ಕೆ ಕಟ್ಟು ಬಿಚ್ಚಿ, ಹುಳು ಹಿಡಿದಿದೆಯೇ ಎಂದು ನೋಡಿ, ಎಣ್ಣೆ ಸವರಿ ಮತ್ತೆ ಕಟ್ಟುತ್ತಿದ್ದಂತೆ ಇದು. ಇದನ್ನು ರೋಗವೆಂದು ಬಗೆದು ನಿಲ್ಲಿಸಿಬಿಡುವ ಗೃಹಸ್ಥರುಂಟು! ನಿಲ್ಲಿಸಬೇಕಾದ್ದಿಲ್ಲ, ಹಗಲಿನ ವೇಳೆಗೆ ಬದಲಾಯಿಸಿದರೆ ಸಾಕು.

ಕೊನೆಯದು ಟಕ್, ಟಕ್ ಎಂದು ಸಮಕಾಲದಲ್ಲಿ ಮರುಕೊಳಿಸುವ ಸದ್ದು. ಓದುವ ಮೊನೆಯು ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ಕೂದಲಿನ ದಪ್ಪವು ಅದರ ಸಾವಿರಾರು ಪಾಲು. ತನ್ನ ದಾರಿಯ ಗುರುತು ಸಿಕ್ಕದೆ ಆ ಮೊನೆಯು ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುವಾಗ ಈ ಸದ್ದು ಹುಟ್ಟುತ್ತದೆ. ಆಗ ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ ನೋಡುತ್ತಿರುವುದು ಕೇಡು. ಪ್ರತಿಯೊಂದು ಪ್ರಯತ್ನದಲ್ಲಿಯೂ ತಟ್ಟೆ ಗೀಚಿಹೋಗಬಹುದು. ಬೀರುವಿನ ಬಾಗಿಲು ಗುಂಯ್‌ಕಾರದೊಡನೆ ಈ ಸದ್ದನ್ನೂ ಮುಚ್ಚಿಬಿಟ್ಟಿತು. ಗಾಳಿಯಿಲ್ಲದ ಕಡೆ ಶಾಖವೂ ಏರಿತು. ಮಗನು ಕಳೆದದ್ದು ದೋಷವನ್ನಲ್ಲ, ಅದರ ಸುದ್ದಿಯನ್ನು.

ಇಲ್ಲಿ ಎದುರುವಾದಿಯು, ಕಿವಿಗೊಟ್ಟು ಕುಳಿತವನಿಗೆ ಮಾತ್ರ ಎಲ್ಲ ತಿಳಿಯುವುದೋ ಎಂದು ಕೇಳಬಹುದು. ಆಕ್ಷೇಪವು ಯುಕ್ತವಾದದ್ದೇ. ಗೂಗಲ್ ಸಂಸ್ಥೆಯ ತಂತ್ರಜ್ಞರು ಒಂದು ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಲೇಖನದಂತೆ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ವಯಂಪರೀಕ್ಷೆಯ ನಾಲ್ಕು ಮುಖ್ಯ ಲಕ್ಷಣಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಆದುದರಿಂದ ಮೌನವನ್ನು ಆರೋಗ್ಯವೆಂದು ನಂಬುವುದಕ್ಕಾಗದು. ಎರಡು ಡಿಸ್ಕುಗಳು ಒಂದರ ಪಡಿಯಚ್ಚು ಇನ್ನೊಂದಾಗಿದ್ದರೂ ಅಷ್ಟೆ. ಒಂದರಲ್ಲಿ ಕೈತಪ್ಪಿ ಅಳಿಸಿದ್ದು ಇನ್ನೊಂದರಲ್ಲಿಯೂ ಅಳಿಯುತ್ತದೆ, ಸಿಡಿಲು ಬಡಿದರೆ ಎರಡೂ ಹೋಗುತ್ತವೆ. ಬೇರೆ ಮನೆಯಲ್ಲೊಂದು ಪ್ರತಿಯಿರಬೇಕು. ಇದು ಖರ್ಚಿನ ಮಾತಾದ್ದರಿಂದ ಬಹುಜನರು ಮುಂದೂಡುತ್ತಾರೆ.

ಆದರೆ ಈ ಆಕ್ಷೇಪದಿಂದ ಕೇಳುವ ಹೊಣೆಯು ಕಡಿಮೆಯಾಗುವುದಿಲ್ಲ. ಎಚ್ಚರಿಕೆ ಕೊಡದೆ ಹೋಗುವವು ಅನೇಕವಿರುವಾಗ, ಕೊಟ್ಟ ಎಚ್ಚರಿಕೆಯನ್ನು ಕೇಳದಿರುವುದು ಇನ್ನೂ ದೊಡ್ಡ ತಪ್ಪಲ್ಲವೆ? ಅಲ್ಲದೆ ಪೆಟ್ಟಿಗೆಗೂ ಒಂದು ಬಗೆಯ ಕಿವಿಯಿದೆ. 2016ನೆಯ ಸೆಪ್ಟೆಂಬರಿನಲ್ಲಿ ರುಮೇನಿಯದ ಬುಖಾರೆಸ್ಟ್ ನಗರದ ಒಂದು ಬ್ಯಾಂಕಿನಲ್ಲಿ, ಬೆಂಕಿಯಾರಿಸುವ ಅನಿಲವನ್ನು ಪರೀಕ್ಷೆಗಾಗಿ ಬಿಟ್ಟಾಗ ಅದು ನುಗ್ಗಿದ ಅಬ್ಬರಕ್ಕೇ ಡಿಸ್ಕುಗಳು ಕೆಟ್ಟು, ಸುಮಾರು 10 ಗಂಟೆಗಳ ಕಾಲ ಕಾರ್ಡುಗಳ ವ್ಯವಹಾರ ನಿಂತುಹೋಯಿತು. ಇಕ್ಕಟ್ಟಾದ ಹಲಗೆಯ ಗೂಡಿನಲ್ಲಿ ತನ್ನ ಕಂಪನವು ತನಗೇ ಮರಳಿ ತಾಗುವಂತೆ ಇಡುವುದು ಅದಕ್ಕೆ ಹಿತವಲ್ಲವೆಂದು ಇದರಿಂದ ಊಹಿಸಬಹುದು.

ಮಗನಿಗೆ ಉಳಿದಿರುವ ದಾರಿ ಕಷ್ಟದ್ದೇನೂ ಅಲ್ಲ. ಪೆಟ್ಟಿಗೆಯನ್ನು ಬೀರುವಿನಿಂದ ತೆಗೆದು ಗಾಳಿಯಾಡುವ ನಡುಮನೆಯಲ್ಲಿ, ಬೆಂಡಿನ ಹಾಳೆಯ ಮೇಲೆ, ಕಲ್ಲಿನ ಗೂಡಿನಲ್ಲಿಡಬಹುದು. ಅಜ್ಜನ ಧ್ವನಿಯ ಇನ್ನೊಂದು ಪ್ರತಿಯನ್ನು ಪರಸ್ಥಳದಲ್ಲಿರುವ ತಂಗಿಯ ಮನೆಗೆ ಕಳುಹಿಸಬಹುದು. ಮನೆಯವರ ಕಿವಿ ಬೇಗನೆ ಒಗ್ಗಿಹೋಗುವುದರಿಂದ, ಬಂದ ನೆಂಟರು ಇದೇನು ಸದ್ದೆಂದು ಕೇಳಿದರೆ ನಕ್ಕು ಸುಮ್ಮನಾಗದೆ ಎದ್ದುಹೋಗಿ ನೋಡಬೇಕು. ತಾಯಿಗೆ ಮೊದಲ ಎರಡು ರಾತ್ರಿ ನಿದ್ದೆ ಹತ್ತದಿದ್ದರೆ ಆಶ್ಚರ್ಯವಿಲ್ಲ. ಗೋಡೆಯ ಗಡಿಯಾರ ನಿಂತಾಗ ಎಚ್ಚರಗೊಂಡು, ಏಕೆ ನಿಂತಿತೆಂದು ಕೇಳುವವರು ಎಲ್ಲ ಮನೆಗಳಲ್ಲಿಯೂ ಇದ್ದಾರೆ.