ಅಕ್ಷರ ಯಾರದು?

ಭಾಲ್ಕಿಯ ಒಂದು ಬ್ಯಾಂಕಿನಲ್ಲಿ ನಮ್ಮ ತಂದೆಯವರ ಸಹಿ ಹೊಂದಲಿಲ್ಲ. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ವಯಸ್ಸು ಎಂಬತ್ತೈದು ದಾಟಿದೆ. ಪಿಂಚಣಿ ಹಣ ತೆಗೆಯಲು ಚೀಟಿ ಬರೆದುಕೊಟ್ಟರು. ಗಾಜಿನ ಆಚೆ ಕುಳಿತ ಹುಡುಗ ಕಂಪ್ಯೂಟರಿನಲ್ಲಿದ್ದ ಹಳೆಯ ಸಹಿ ನೋಡಿದ, ಚೀಟಿ ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ. "ಸಹಿ ಹೊಂದವಲ್ದು ಅಜ್ಜಾರ, ಇನ್ನೊಮ್ಮೆ ಮಾಡ್ರಿ" ಎಂದ. ಇನ್ನೊಮ್ಮೆ ಮಾಡಿದರು, ಮೂರನೆಯ ಸಲವೂ ಮಾಡಿದರು. ಮೂರೂ ಒಂದರಂತೆ ಒಂದು ಇರಲಿಲ್ಲ. ಆಗ ಆ ಹುಡುಗ ಬಹಳ ಮರ್ಯಾದೆಯಿಂದಲೇ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿ, "ಹೆಬ್ಬೆಟ್ಟು ಒತ್ತಿಬಿಡ್ರಿ, ಕೆಲಸ ಆಗ್ತದ" ಎಂದ.

ತಂದೆಯವರು ಡಬ್ಬಿಯನ್ನು ನೋಡಿದರು. "ತಮ್ಮಾ, ನಾ ಮಾಸ್ತರ ಇದ್ದೀನಿ. ಈ ಸಹಿ ನಂದೇ ಅದ" ಎಂದು ಹೇಳಿ, ಹಣ ತೆಗೆಯದೆ ಹೊರಗೆ ಬಂದುಬಿಟ್ಟರು. ರಿಕ್ಷಾದಲ್ಲಿ ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ಹುಡುಗನ ತಪ್ಪೇನೂ ಇಲ್ಲ. ಸಹಿ ಹೊಂದದೆ ಹಣ ಕೊಟ್ಟಿದ್ದರೆ, ನಾಳೆ ಬೇರೆ ಯಾರೋ ತಂದೆಯವರ ಹೆಸರಿನಲ್ಲಿ ಹಣ ಒಯ್ದಾಗ ಅವನನ್ನೇ ಬೈಯುವವಳು ನಾನು. ಆದರೂ ಆ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಯೌವನದಲ್ಲಿ ಮಾಡಿದ ಸಹಿ ತಂದೆಯವರದು, ಇಂದು ಮಾಡಿದ ಸಹಿ ತಂದೆಯವರದಲ್ಲ ಎಂದರೆ, ಇಂದು ಭಾಲ್ಕಿಯ ಮನೆಯಲ್ಲಿ ಕುಳಿತು ಚಹಾ ಕುಡಿಯುತ್ತಿರುವವರು ಯಾರು?

ಅವರ ಸಹಿಯ ಹಿಂದೆ ಒಂದು ಚರಿತ್ರೆಯೇ ಇದೆ. ಅವರು ಮೊದಲು ಕಲಿತದ್ದು ಉರ್ದು. ನಿಜಾಮರ ಕಾಲದಲ್ಲಿ ಶಾಲೆ ಎಂದರೆ ಉರ್ದು ಶಾಲೆ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದ ಸಂಗತಿಯನ್ನು ನಮ್ಮ ಕಡೆ ಸಣ್ಣ ಮಕ್ಕಳೂ ಹೇಳುತ್ತಾರೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು, 1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಷ್ಟರಲ್ಲಿ ತಂದೆಯವರ ಕೈ ಬಲದಿಂದ ಎಡಕ್ಕೆ ಓಡುವುದನ್ನು ಕಲಿತುಬಿಟ್ಟಿತ್ತು. ಹರೆಯ ಬಂದಮೇಲೆ ಅದನ್ನು ಎಡದಿಂದ ಬಲಕ್ಕೆ ತಿರುಗಿಸಿದರು. ಹಾಗಾಗಿ ಅವರ ಕನ್ನಡ ಅಕ್ಷರಗಳೆಲ್ಲ ಸ್ವಲ್ಪ ಹಿಂದಕ್ಕೆ ಒರಗಿದಂತೆ ಇರುತ್ತವೆ. ಯಾರೋ ಹಿಂದಿನಿಂದ ಕರೆದಾಗ ತಿರುಗಿ ನೋಡುವವರ ಹಾಗೆ. ನಮ್ಮ ಅವ್ವ ಇದ್ದಾಗ ಇದನ್ನು ಕಂಡು ನಗುತ್ತಿದ್ದಳು. ಅವಳದು ಮರಾಠಿ ಶಾಲೆ. ಅವಳು ಕನ್ನಡ ಬರೆದರೆ ಪ್ರತಿ ಶಬ್ದದ ತಲೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯುತ್ತಿದ್ದಳು, ಬಟ್ಟೆ ಒಣಗಿಸುವ ಹಗ್ಗದಂತೆ. ಔರಾದ, ಭಾಲ್ಕಿ ಕಡೆಯ ಮನೆಗಳಲ್ಲಿ ಇಂಥ ಅಕ್ಷರ ಈಗಲೂ ಸಿಗುತ್ತದೆ. ನಮ್ಮ ಕೈಗಳು ನಮ್ಮ ನಾಲಿಗೆಗಳಂತೆಯೇ ಬೆರಕೆ.

ಬೀದರ ಊರೊಳಗೆ ಮಹಮೂದ್ ಗವಾನನ ಮದರಸಾ ಇದೆ. 1472ರಲ್ಲಿ ಕಟ್ಟಿದ್ದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಒಳಗೆ ಸಂಗ್ರಹಿಸಿಟ್ಟ ಮದ್ದು ಸಿಡಿದು ಅದರ ಒಂದು ಭಾಗ ಹಾರಿಹೋಯಿತು. ಉಳಿದ ಮುಂಗೋಡೆಯ ಮೇಲೆ ನೀಲಿ ಹಂಚಿನಲ್ಲಿ ಬಿಳಿಯ ಅಕ್ಷರಗಳು ಇನ್ನೂ ಇವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ, ಓದಲು ಬಾರದಿದ್ದರೂ ಆ ಅಕ್ಷರಗಳ ಮುಂದೆ ನಾನು ನಿಂತುಬಿಡುತ್ತೇನೆ. ಆದರೆ ಗವಾನನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಗಂಟಲು ಕಟ್ಟುತ್ತದೆ. ಫೆರಿಷ್ತಾ ಬರೆದಿಟ್ಟ ಪ್ರಕಾರ, ಆ ಮುದಿ ವಜೀರನ ವೈರಿಗಳು ಅವನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒರಿಸ್ಸಾದ ರಾಜನಿಗೆ ಗವಾನನೇ ಬರೆದಂತೆ ರಾಜದ್ರೋಹದ ಪತ್ರ ಬರೆದು, ಮೂರನೆಯ ಮಹಮ್ಮದ್ ಷಾ ಸುಲ್ತಾನನ ಕೈಗೆ ಸೇರಿಸಿದರು. ಸುಲ್ತಾನ ಕೇಳಿದಾಗ ಗವಾನ, ಮುದ್ರೆ ತನ್ನದೇ, ಪತ್ರ ತನ್ನದಲ್ಲ ಎಂದ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. 1481ರ ಏಪ್ರಿಲ್ ತಿಂಗಳಲ್ಲಿ ಅವನ ತಲೆ ಹೋಯಿತು. ಪತ್ರ ಬರೆಯುವ ಕಲೆಯ ಮೇಲೆಯೇ ಗ್ರಂಥ ರಚಿಸಿದ ಮನುಷ್ಯ ತಾನು ಬರೆಯದ ಪತ್ರಕ್ಕಾಗಿ ಸತ್ತ. ಸುಲ್ತಾನ ಆಮೇಲೆ ಪಶ್ಚಾತ್ತಾಪಪಟ್ಟ ಎನ್ನುತ್ತಾರೆ. ವರ್ಷದೊಳಗೆ ತಾನೂ ಸತ್ತ.

ನನ್ನನ್ನು ಕಾಡುವುದು ಇಷ್ಟೇ. ಮುದ್ರೆ ಬದಲಾಗುವುದಿಲ್ಲ, ಅದಕ್ಕೇ ಜನ ಅದನ್ನು ನಂಬುತ್ತಾರೆ; ಅದಕ್ಕೇ ಅದನ್ನು ಕದಿಯಲೂ ಬರುತ್ತದೆ. ಕೈ ಬದಲಾಗುತ್ತದೆ. ಬದಲಾಗುವುದೇ ಅದು ಜೀವಂತವಿದೆ ಎಂಬುದರ ಗುರುತಾಗಬಾರದೇ?

ಹೀಗೆ ಹೇಳುವುದು ಸುಲಭ. ಆದರೆ ಸ್ವತಃ ನಾನೇ ಒಮ್ಮೆ ಆ ಸುಲ್ತಾನನ ಕೆಲಸ ಮಾಡಿದ್ದೇನೆ. 1998ರ ಮಾತು, ನಾನು ಔರಾದ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಆರನೆಯ ತರಗತಿಯ ಒಬ್ಬ ಹುಡುಗಿ ವರ್ಗದಲ್ಲಿ ಬರೆದರೆ ಕೋಳಿ ಕೆದರಿದಂತೆ. ಮನೆಯಿಂದ ಬರೆದು ತಂದ ಪ್ರಬಂಧ ಮಾತ್ರ ದುಂಡಗೆ, ಸಾಲು ತಪ್ಪದೆ, ಮುತ್ತು ಪೋಣಿಸಿದಂತೆ. ಎರಡೂ ವಹಿಗಳನ್ನು ಪಕ್ಕಪಕ್ಕ ಇಟ್ಟು ಇಡೀ ವರ್ಗಕ್ಕೆ ತೋರಿಸಿದೆ. "ಯಾರ ಕೈಲೆ ಬರೆಸಿದಿ? ಅಣ್ಣನ ಕೈಲೆ?" ಎಂದೆ. "ನಂದೇ ಅದರೀ ಬಾಯಿ" ಎಂದಳು. ಸುಳ್ಳು ಬೇರೆ ಹೇಳುತ್ತಾಳೆ ಎಂದು ಸಿಟ್ಟು ಬಂತು. ಕೈ ಚಾಚು ಎಂದೆ. ಎಡಗೈ ಚಾಚಿದಳು. ಬಲಗೈ ಎಂದು ಗದರಿದೆ. ಬಲಗೈಗೆ ಎರಡು ಏಟು ಕೊಟ್ಟೆ.

ಕೆಲವು ತಿಂಗಳ ನಂತರ ಅವರ ಓಣಿಗೆ ಜನಗಣತಿಯಂಥ ಯಾವುದೋ ಶಾಲೆಯ ಪಟ್ಟಿ ಹಿಡಿದುಕೊಂಡು ಹೋದೆ. ಅವರ ಮನೆಯ ಮುಂದೆ ಸಣ್ಣ ಕಿರಾಣಿ ಅಂಗಡಿ. ಹುಡುಗಿ ಗಲ್ಲೆಯ ಹತ್ತಿರ ಕುಳಿತು ಉದ್ರಿ ಲೆಕ್ಕ ಬರೆಯುತ್ತಿದ್ದಳು, ಎಡಗೈಯಿಂದ. ಅದೇ ದುಂಡನೆಯ ಅಕ್ಷರ. ನನ್ನನ್ನು ಕಂಡವಳೇ ಪೆನ್ನನ್ನು ಬಲಗೈಗೆ ದಾಟಿಸಿಕೊಂಡಳು.

ಶಾಲೆಯಲ್ಲಿ ಎಡಗೈ ಬಳಸಬಾರದು ಎಂದು ಒಂದನೆಯ ತರಗತಿಯಿಂದ ಅವಳಿಗೆ ಕಲಿಸಿದವರು ನಾವೇ. ಊಟ ಮಾಡುವ ಕೈ, ಆರತಿ ಬೆಳಗುವ ಕೈ, ಬರೆಯುವ ಕೈ ಎಲ್ಲ ಒಂದೇ ಆಗಿರಬೇಕು ನಮಗೆ. ಅವಳಿಗೆ ಎರಡು ಕೈ ಮಾಡಿಟ್ಟು, ಎರಡು ಕೈ ಏಕೆ ಎಂದು ಹೊಡೆದವಳು ನಾನು. ಆ ದಿನ ಅಂಗಡಿಯಲ್ಲಿ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಅರ್ಧ ಕಿಲೊ ಸಕ್ಕರೆ ತೆಗೆದುಕೊಂಡು ಬಂದೆ. ಮುಂದಿನ ವರ್ಷ ನನಗೆ ವರ್ಗವಾಯಿತು. ಈಗ ಅವಳಿಗೆ ಮಕ್ಕಳಿರಬಹುದು.

ಗಾಂಧೀಜಿಯವರಿಗೆ ತಮ್ಮ ಅಕ್ಷರದ ಬಗ್ಗೆ ನಾಚಿಕೆಯಿತ್ತು. ಕೆಟ್ಟ ಅಕ್ಷರವನ್ನು ಅರೆಬರೆ ಶಿಕ್ಷಣದ ಲಕ್ಷಣವೆಂದೇ ತಮ್ಮ ಆತ್ಮಕಥೆಯಲ್ಲಿ ಬಗೆದಿದ್ದಾರೆ. ಇದನ್ನು ನಾನು ಎಷ್ಟು ವರ್ಷ ಮಕ್ಕಳ ಮುಂದೆ ಹೇಳಿದ್ದೇನೋ! ಅದೇ ಗಾಂಧೀಜಿ 1909ರ ನವೆಂಬರಿನಲ್ಲಿ ಹಡಗಿನಲ್ಲಿ ಕುಳಿತು 'ಹಿಂದ್ ಸ್ವರಾಜ್' ಬರೆಯುವಾಗ ಬಲಗೈ ಸೋತಿತೆಂದು ಎಡಗೈಯಿಂದ ಬರೆದರು. 275 ಪುಟಗಳ ಹಸ್ತಪ್ರತಿಯಲ್ಲಿ 40 ಪುಟಗಳು ಎಡಗೈಯವು. ಬ್ಯಾಂಕಿನ ಹುಡುಗನ ಮುಂದೆ ಇಟ್ಟರೆ ಆ 40 ಪುಟಗಳು ಹೊಂದುವುದಿಲ್ಲ. ಈ ಎರಡನೆಯ ಸಂಗತಿಯನ್ನು ನಾನು ಮಕ್ಕಳಿಗೆ ಬಹಳ ತಡವಾಗಿ ಹೇಳತೊಡಗಿದೆ.

ನನ್ನ ಅಕ್ಷರದ ಮಾತಿಗೆ ಬರುತ್ತೇನೆ. ಬಿ.ಎಡ್. ಮಾಡುವಾಗ ಪಾಠ ಟಿಪ್ಪಣಿಯ ಅಕ್ಷರಕ್ಕೆ ನನಗೆ ಮೆಚ್ಚುಗೆ ಸಿಗುತ್ತಿತ್ತು. ಈಗ ಐವತ್ತಾರು. ಬೆರಳ ಗಂಟುಗಳು ಬೆಳಿಗ್ಗೆ ಮಡಚುವುದಿಲ್ಲ. ಮುಪ್ಪು ಕೆಲವರ ಅಕ್ಷರವನ್ನು ದೊಡ್ಡದು ಮಾಡುತ್ತದೆ, ಕೆಲವರದನ್ನು ನಡುಗಿಸುತ್ತದೆ. ಅಕ್ಷರ ಸಾಲುಸಾಲಿಗೆ ಚಿಕ್ಕದಾಗುತ್ತ ಹೋದರೆ ಪಾರ್ಕಿನ್ಸನ್ ರೋಗವಿರಬಹುದೇ ಎಂದು ವೈದ್ಯರು ನೋಡುತ್ತಾರಂತೆ. ಆದರೆ ನನ್ನ ಅಕ್ಷರ ಕೆಟ್ಟದ್ದು ಮುಪ್ಪಿನಿಂದ ಅಷ್ಟಲ್ಲ, ಬರೆಯದಿರುವುದರಿಂದ. ಮೊದಲು ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಹೊಡೆಯಲು ಕಲಿತೆ. ಆಮೇಲೆ ಮಕ್ಕಳ ಮಾಹಿತಿಯೆಲ್ಲ ಕಂಪ್ಯೂಟರಿಗೆ ಏರಿತು. ಈಗ ರಜೆ ಅರ್ಜಿ, ಸಭೆಯ ಸೂಚನೆ, ಶುಭಾಶಯ ಎಲ್ಲವೂ ಮೊಬೈಲಿನಲ್ಲಿ. ದಿನಕ್ಕೆ ನಾನು ಕೈಯಾರೆ ಬರೆಯುವುದು ಹಾಜರಿ ಪುಸ್ತಕದ ಸಹಿ ಮತ್ತು ಕರಿಹಲಗೆ, ಅಷ್ಟೇ.

ಕರಿಹಲಗೆಯ ಮೇಲೆಯೇ ಒಂದು ದಿನ ಸಿಕ್ಕಿಬಿದ್ದೆ. 'ಧರ್ಮ' ಎಂದು ಬರೆಯಬೇಕಿತ್ತು. ಕೈಯಲ್ಲಿ ಬರೆಯುವಾಗ ನಾವು ಧ ಬರೆದು, ಮ ಬರೆದು, ಕೊನೆಗೆ ಅರ್ಕಾವತ್ತು ಇಡುತ್ತೇವೆ. ನಾಲಿಗೆ ರಕಾರವನ್ನು ಮೊದಲು ನುಡಿಯುತ್ತದೆ, ಕೈ ಅದನ್ನು ಕೊನೆಗೆ ಇಡುತ್ತದೆ. ಈ ತಿರುವನ್ನು ಕಲಿಸಲು ಮಕ್ಕಳ ಜೊತೆ ವಾರಗಟ್ಟಲೆ ಹೆಣಗುತ್ತೇವೆ. ಮೊಬೈಲಿನಲ್ಲಿ ಹಾಗಲ್ಲ. ಅಲ್ಲಿ ಧ, ರ, ಹಲಂತ, ಮ ಎಂದು ನುಡಿದ ಕ್ರಮದಲ್ಲೇ ಒತ್ತಬೇಕು. ಅರ್ಕಾವತ್ತನ್ನು ಯಂತ್ರವೇ ಜಾಗಕ್ಕೆ ಕೂರಿಸುತ್ತದೆ. ಆ ದಿನ ನನ್ನ ಕೈ ಧ ಬರೆದು, ರ ಬರೆದು, ಹಾಗೇ ನಿಂತುಬಿಟ್ಟಿತು, ಯಂತ್ರ ತಿದ್ದಲಿ ಎಂದು ಕಾಯುವಂತೆ. ಹಿಂದಿನ ಸಾಲಿನ ಹುಡುಗ, "ಮೇಡಂ, ತಪ್ಪಾಯ್ತು" ಎಂದ. ಒರೆಸಿ ಬರೆದೆ. ಮಕ್ಕಳು ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಮಾತ್ರ ಒಂದು ಪುಟ ಕಾಪಿ ಬರೆದೆ, ಯಾರಿಗೂ ಹೇಳದೆ.

ಹಾಗೆಂದು ಯಂತ್ರವನ್ನು ಬೈಯಲಾರೆ. ಕೈಬರಹದ ಕಾಲ ಚೆನ್ನಾಗಿತ್ತು ಎನ್ನುವವರು ಆಗಿನ ಪಹಣಿಗಳನ್ನು ನೋಡಿರಲಿಕ್ಕಿಲ್ಲ. ನಮ್ಮ ಹಳೆಯ ಮನೆಗಳ ಟ್ರಂಕುಗಳಲ್ಲಿ ಮೋಡಿ ಲಿಪಿಯ ಕಾಗದ, ಉರ್ದು ಕಾಗದ. ಓದಿಸಲು ಯಾರದೋ ಮನೆ ಬಾಗಿಲು ಕಾಯಬೇಕು. ಕನ್ನಡದಲ್ಲಿದ್ದರೂ ಬರೆದವನ ಅಕ್ಷರ ಬರೆದವನಿಗೇ ಗೊತ್ತು, ಅದೇ ಅವನ ದರ್ಬಾರು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಪಹಣಿ ಅಚ್ಚಾಗಿ ಸಿಗತೊಡಗಿದಾಗ ನಮ್ಮ ಕಾಕಾ ತನ್ನ ಹೊಲದ ಹೆಸರನ್ನು ತಾನೇ ಓದಿದ. ಅಂದವಾದ ಅಕ್ಷರಕ್ಕಿಂತ ಅದು ದೊಡ್ಡದು.

ಇನ್ನು ಹೆಬ್ಬೆಟ್ಟಿನ ಕಥೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಕಂದೀಲು ಹಚ್ಚಿಕೊಂಡು ಹೆಣ್ಣುಮಕ್ಕಳಿಗೆ ಸಹಿ ಕಲಿಸಿದವರಲ್ಲಿ ನಾನೂ ಒಬ್ಬಳು. ಹೆಬ್ಬೆಟ್ಟು ನಾಚಿಕೆ, ಸಹಿ ಮಾನ ಎಂದು ಹೇಳಿಕೊಟ್ಟೆವು. ತೊಗರಿ ಕೊಯ್ದು ಬಿರುಕುಬಿಟ್ಟ ಬೆರಳುಗಳು ಬಳಪ ಹಿಡಿದು ನಡುಗುತ್ತಿದ್ದವು. ಇಂದು ಅದೇ ಹೆಣ್ಣುಮಕ್ಕಳು ಮುದುಕಿಯರಾಗಿ ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಇಡುತ್ತಾರೆ, ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಅಂದರೆ ಹೆಬ್ಬೆಟ್ಟೂ ಬದಲಾಗುತ್ತದೆ. ದುಡಿದ ಮೈಯಲ್ಲಿ ಮುದ್ರೆಯಂತೆ ಉಳಿಯುವುದು ಯಾವುದಿದೆಯೋ!

ತಂದೆಯವರು ಸುಮ್ಮನೆ ಕೂಡಲಿಲ್ಲ. ಹಳೆಯ ಪೆಟ್ಟಿಗೆಯಿಂದ ಯೌವನದ ಒಂದು ಕಾಗದ ಹುಡುಕಿ ತೆಗೆದರು. ಅದರಲ್ಲಿದ್ದ ಸಹಿಯನ್ನು ಎದುರಿಗಿಟ್ಟುಕೊಂಡು, ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ತಿದ್ದತೊಡಗಿದರು. ನಾಲ್ಕು ದಿನ ಬೆಳಿಗ್ಗೆ ಸಂಜೆ ಅದೇ ಕೆಲಸ. ಹತ್ತರಲ್ಲಿ ಒಂದು ಹಳೆಯದರಂತೆ ಬರುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು, "ಇಲ್ಲಿ ಕೊಂಬು ಇನ್ನಷ್ಟು ಎಳೀರಿ ಅಪ್ಪಾ" ಎನ್ನುತ್ತಿದ್ದೆ. ಮೂರನೆಯ ದಿನ ಹೊಳೆಯಿತು: ಮಕ್ಕಳಿಗೆ ನಕಲು ಮಾಡಬೇಡಿ ಎನ್ನುವ ನಾನು ನನ್ನ ತಂದೆಗೆ ಅವರದೇ ಸಹಿಯನ್ನು ನಕಲು ಮಾಡಲು ಕಲಿಸುತ್ತಿದ್ದೇನೆ. ನಿಜವಾದದ್ದನ್ನು ಬ್ಯಾಂಕು ಒಪ್ಪಲಿಲ್ಲ, ನಕಲನ್ನು ಒಪ್ಪುತ್ತದೆ. ತಂದೆಯವರಿಗೂ ಇದು ಹೊಳೆದಿರಬೇಕು. ಪುಸ್ತಕ ಮುಚ್ಚಿ, "ಈ ಮನಷಾನ ಸಹಿ ನನಗ ಬರಂಗಿಲ್ಲ" ಎಂದರು.

ಐದನೆಯ ದಿನ ಮತ್ತೆ ಬ್ಯಾಂಕಿಗೆ ಹೋದೆವು. ಈ ಸಲ ಒಳಗಿದ್ದ ಹಿರಿಯ ಅಧಿಕಾರಿಣಿ ನಮ್ಮ ಮಾತು ಕೇಳಿ, ಇಷ್ಟಕ್ಕೆ ಚಿಂತೆ ಏಕೆ, ಹೊಸ ಮಾದರಿ ಸಹಿ ಕೊಟ್ಟರಾಯಿತು ಎಂದರು. ಕಾರ್ಡು ಬಂತು. ಆಧಾರ್ ಚೀಟಿ ನೋಡಿದರು, ಮುಖ ನೋಡಿದರು. ಮೂರು ಚೌಕಗಳಲ್ಲಿ ಮೂರು ಸಹಿ ಮಾಡಬೇಕು. ತಂದೆಯವರು ಕನ್ನಡಕ ಒರೆಸಿಕೊಂಡು, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ನಿಧಾನವಾಗಿ ಮೂರೂ ಮಾಡಿದರು. ಒಂದು ದೊಡ್ಡದು, ಒಂದು ಗೆರೆ ಇಳಿದದ್ದು, ಒಂದರಲ್ಲಿ ಕೊನೆಯ ಅಕ್ಷರ ಅರ್ಧಕ್ಕೇ ನಿಂತದ್ದು. ಮೂರೂ ಹಿಂದಕ್ಕೆ ಒರಗಿದ್ದವು.

ಗಾಜಿನ ಆಚೆಯ ಹುಡುಗ ಕಾರ್ಡು ತಿರುಗಿಸಿ ತಿರುಗಿಸಿ ನೋಡಿದ. "ಅಜ್ಜಾರ, ಮೂರೂ ಬ್ಯಾರೆ ಬ್ಯಾರೆ ಅವ. ಯಾವುದು ಹಿಡೀಲಿ?"

"ಯಾವುದಾದ್ರೂ ಹಿಡಿ ತಮ್ಮಾ" ಎಂದರು ತಂದೆಯವರು, ಪೆನ್ನಿನ ಟೋಪಿ ಹಾಕುತ್ತ. "ಮೂರೂ ನಂದೇ."