ಬಾರದ ವಿದ್ಯೆಯ ಬೆನ್ನು ಹತ್ತಿ

ನಲವತ್ತು ದಾಟಿದ ಮೇಲೆ ಹೊಸ ವಿದ್ಯೆಗೆ ಕೈ ಹಾಕುವವನನ್ನು ನಮ್ಮ ಪೇಟೆಯ ಜನ ಒಂದು ಬಗೆಯ ಅನುಕಂಪದಿಂದ ನೋಡುತ್ತಾರೆ. ಎರಡು ವರುಷಗಳಿಂದ ಆ ಅನುಕಂಪಕ್ಕೆ ನಾನು ಪಾತ್ರನಾಗಿದ್ದೇನೆ. ಕಾಲೇಜಿಗೆ ಹೊರಡುವ ಮುನ್ನ ದಿನಾಲು ಅರ್ಧ ತಾಸು, ಜೋರಾಪುರ ಪೇಟೆಯ ನಮ್ಮ ಮನೆಯ ಮಾಳಿಗೆಯ ಮೇಲೆ, ಒಂದು ತಂಬಿಗೆ ನೀರು, ಬಣ್ಣದ ಡಬ್ಬಿ, ಎರಡು ಕುಂಚ, ಒಂದು ಹಾಳೆ ಇಟ್ಟುಕೊಂಡು ಕೂಡುತ್ತೇನೆ. ಜಲವರ್ಣದ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಚಿತ್ರ ನನಗೆ ಬರುವುದಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪಕ್ಕದ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಬಂದ ಹಿರಿಯರೊಬ್ಬರು ಒಂದು ದಿನ ಕೇಳಿದರು:

“ಮಾಸ್ತರ್ರ, ಇದನ್ನ ಯಾರಿಗರೆ ಮಾರ್ತೀರೇನು?”

“ಇಲ್ರೀ ಕಾಕಾ.”

“ಮನ್ಯಾಗ ಹಾಕ್ತೀರೇನು?”

“ಹಾಕೂವಂಗ ಇಲ್ರೀ.”

“ಮತ್ತ ಯಾಕ ತೆಗೀತೀರಿ?”

ಉತ್ತರ ಹೊಳೆಯದೆ ನಾನು ನಕ್ಕೆ. ಅವರೂ ನಕ್ಕು ಕೆಳಗಿಳಿದರು. ಪ್ರಶ್ನೆ ಮಾತ್ರ ಮಾಳಿಗೆಯ ಮೇಲೆಯೇ ಉಳಿಯಿತು. ಚೆನ್ನಾಗಿ ಮಾಡಲು ಬಾರದ, ಎಂದಿಗೂ ಬರಲಾರದ ಕೆಲಸವನ್ನು ಮಾಡುವ ಹಕ್ಕು ಮನುಷ್ಯನಿಗೆ ಉಂಟೇ?

ಕಲೆಯೆಂದರೆ ತಪಸ್ಸು ಎಂದು ನಾವೆಲ್ಲ ಕೇಳುತ್ತ ಬೆಳೆದವರು. ಕೆ. ವೆಂಕಟಪ್ಪನವರು (1886–1965) ಕಲಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ಮುಂದೆ ಊಟಿ, ಕೊಡೈಕೆನಾಲುಗಳ ಮಂಜನ್ನು ಜಲವರ್ಣದಲ್ಲಿ ಹಿಡಿದಿಟ್ಟವರು. ಬದುಕನ್ನೇ ಕಲೆಗೆ ತೆತ್ತವರು. ನಮ್ಮ ಊರಿನದೇ ಮಾತಾದರೆ, 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಚಿತ್ರಕಲೆ ಅರಳಿದ ನೆಲ ಇದು. ಇಂಥ ನೆಲದಲ್ಲಿ ಕೂತು ಅರ್ಧ ತಾಸಿನಲ್ಲಿ ಒಂದು ಹಾಳೆ ಕೆಡಿಸುವುದು ಉದ್ಧಟತನವಲ್ಲವೇ ಎಂದು ನನಗೂ ಅನಿಸಿದ್ದುಂಟು.

ಜಲವರ್ಣದಂಥ ನಿಷ್ಠುರ ಗುರು ಮತ್ತೊಬ್ಬನಿಲ್ಲ. ತೈಲವರ್ಣದಲ್ಲಿ ತಪ್ಪಿನ ಮೇಲೆ ಇನ್ನೊಂದು ಬಣ್ಣ ಬಳಿದು ಮುಚ್ಚಬಹುದು. ಇಲ್ಲಿ ಬಣ್ಣ ಪಾರದರ್ಶಕ. ಅಡಿಯ ತಪ್ಪು ಮೇಲಿನಿಂದ ಇಣುಕುತ್ತದೆ. ಬಿಳಿ ಬಣ್ಣವೆಂಬುದು ಡಬ್ಬಿಯಲ್ಲಿಲ್ಲ, ಕಾಗದದಲ್ಲಿದೆ. ಬೆಳಕು ಬೇಕಾದಲ್ಲಿ ಹಾಳೆಯನ್ನು ಮುಟ್ಟದೆ ಬಿಡಬೇಕು. ತಿಳಿಯಿಂದ ಗಾಢಕ್ಕೆ ಹೋಗಬೇಕು. ಗಾಢದಿಂದ ತಿಳಿಗೆ ಮರಳುವ ದಾರಿಯಿಲ್ಲ. ಸಾಲದ್ದಕ್ಕೆ ನಮ್ಮ ವಿಜಯಪುರದ ಬೇಸಗೆ! ಆಕಾಶಕ್ಕೆಂದು ಹಚ್ಚಿದ ನೀಲಿ, ಕುಂಚ ಹಾಳೆಯ ಇನ್ನೊಂದು ತುದಿ ಮುಟ್ಟುವುದರೊಳಗೆ ಒಣಗಿ ಗೆರೆ ಕಟ್ಟುತ್ತದೆ.

ಹವ್ಯಾಸದಿಂದ ಮನಸ್ಸಿಗೆ ವಿಶ್ರಾಂತಿ, ಆಮೇಲೆ ಕೆಲಸದಲ್ಲಿ ಹುರುಪು ಎಂದು ಕೆಲವರು ಸಮರ್ಥಿಸುತ್ತಾರೆ. ಅದು ನನಗೆ ಒಪ್ಪಿಗೆಯಾಗಲಿಲ್ಲ. ಅದು ಲಾಭದ ಲೆಕ್ಕವನ್ನು ಹಿಂದಿನ ಬಾಗಿಲಿನಿಂದ ಒಳಗೆ ತಂದಂತೆ. ಇದನ್ನು ಕಾಯಕವೆನ್ನೋಣವೆಂದರೆ, ಬಸವಣ್ಣನವರ ಜಿಲ್ಲೆಯಲ್ಲಿದ್ದು ಆ ಮಾತನ್ನು ಹಗುರಾಗಿ ಆಡಲು ನಾಲಿಗೆ ಏಳದು. ಕಾಯಕದಿಂದ ಹೊಟ್ಟೆ ತುಂಬಬೇಕು, ದಾಸೋಹ ನಡೆಯಬೇಕು. ನನ್ನ ಚಿತ್ರದಿಂದ ಎರಡೂ ಇಲ್ಲ.

ಹತ್ತು ವರುಷಗಳ ಹಿಂದಿನ ಮಾತು. ಬಿ.ಎ. ತರಗತಿಯ ಹುಡುಗನೊಬ್ಬ ನೋಟಬುಕ್ಕಿನ ತುಂಬ ಕವಿತೆ ಬರೆದು ನನಗೆ ಕೊಟ್ಟಿದ್ದ. ಎರಡು ದಿನ ಬಿಟ್ಟು, “ಕವಿ ಆಗೂದು ನಿನ್ನ ಕೈಲೆ ಆಗೂದಿಲ್ಲಪ್ಪಾ, ಪರೀಕ್ಷೆ ಕಡೆ ಲಕ್ಷ್ಯ ಕೊಡು” ಎಂದು ಹಿಂದಿರುಗಿಸಿದೆ. ನನ್ನ ವಿಮರ್ಶೆ ತಪ್ಪಾಗಿರಲಿಲ್ಲ; ಇಂದು ಓದಿದರೂ ಅದನ್ನೇ ಹೇಳುತ್ತೇನೆ. ಹೋದ ವರುಷ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ನೌಕರಿ, ಮನೆ, ಮಕ್ಕಳು, ಎಲ್ಲ ಚೆಂದ. “ಈಗೂ ಬರೀತೀಯೇನು?” ಎಂದೆ. “ನೀವು ಹೇಳಿದ್ರಲ್ರೀ ಸರ್, ಅವತ್ತ ಬಿಟ್ಟೆ” ಎಂದು ನಕ್ಕ. ಆ ನಗೆಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕುಂಚ ನೀರಿಗೆ ಅದ್ದಿದಾಗ ಹೊಳೆಯಿತು: ತಾನು ಕವಿಯಾಗುವೆನೇ ಎಂದು ಆ ಹುಡುಗ ಕೇಳಿರಲೇ ಇಲ್ಲ. ತಾನು ಮಾಡಿದ್ದನ್ನು ತೋರಿಸಿದ್ದ, ಅಷ್ಟೆ. ಕವಿತೆಗೆ ಬೆಲೆ ಕಟ್ಟುವ ಅಧಿಕಾರ ನನಗಿತ್ತು. ಬರೆಯುವ ಅಪ್ಪಣೆಯನ್ನು ಕೊಡುವ, ಹಿಂದೆಗೆಯುವ ಅಧಿಕಾರ ಇರಲಿಲ್ಲ. ಅಚ್ಚಿಗೆ ಕೊಡಲೇ ಎಂದಿದ್ದರೆ ಬೇಡವೆನ್ನುವುದು ನ್ಯಾಯ. ಅಚ್ಚಾಗುವುದು ಬೇರೆ, ಬರೆಯುವುದು ಬೇರೆ ಎಂಬುದು ಸಾಹಿತ್ಯ ಕಲಿಸುವ ನನಗೇ ತಿಳಿದಿರಲಿಲ್ಲ.

ತಿಳಿಯದೆ ಹೋದದ್ದು ಆಶ್ಚರ್ಯ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಕಾಯಕದ ಲಕ್ಕಮ್ಮ ಇವರನ್ನು ಪ್ರತಿ ವರುಷ ಪಾಠ ಹೇಳುವವನು ನಾನು. ಕವಿಪಟ್ಟ ಬೇಕೆಂದು ಅವರು ನುಡಿದವರಲ್ಲ. ನಿನಗೆ ಛಂದಸ್ಸು ಬರುತ್ತದೆಯೇ ಎಂದು ಕೇಳುವ ಪಂಡಿತನೊಬ್ಬ ಬಾಗಿಲಲ್ಲಿ ನಿಂತಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತು! ಎಲ್ಲರೂ ಲಕ್ಕಮ್ಮನಾಗುವುದಿಲ್ಲ, ನಿಜ. ಆದರೆ ಯಾರಾಗುತ್ತಾರೆ ಎಂಬುದು ಮೊದಲೇ ಯಾರಿಗೆ ಗೊತ್ತು? ಆಗದವನಿಗೂ ಸಿಗುವುದೊಂದಿದೆ. ಹುಟ್ಟಿದಾಗಿನಿಂದ ನೋಡಿದ ಗೋಳಗುಮ್ಮಟದ ನೆರಳು ಕಪ್ಪಲ್ಲ, ಬೆಳಗಿನಲ್ಲಿ ನೀಲಿ ಎಂಬುದನ್ನು ನಾನು ಕಂಡದ್ದು ಅದನ್ನು ಹತ್ತಾರು ಸಲ ಕೆಡಿಸಿದ ಮೇಲೆ. ವೆಂಕಟಪ್ಪನವರ ಮಂಜಿನ ಬೆಲೆ ತಿಳಿದದ್ದೂ ನನ್ನ ಮಂಜು ಕೆಸರಾದ ಮೇಲೆಯೇ. ಆ ಹುಡುಗನಿಗೂ ಹೀಗೆ ಏನೋ ಕಾಣುತ್ತಿತ್ತು. ಅದನ್ನು ನಾನು ತಪ್ಪಿಸಿದೆ.

ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಇದ್ದಲ್ಲೇ ಚೆಲ್ಲಿ ಬಾ ಎಂದು ಲಕ್ಕಮ್ಮ ಹಿಂದೆ ಕಳಿಸಿದಳೆಂಬ ಕತೆ ನಮಗೆಲ್ಲ ಗೊತ್ತು. ಹಾಳೆಯ ಮೇಲೆ ಇನ್ನೊಂದು ಗೆರೆ, ಇನ್ನೊಂದಿಷ್ಟು ಬಣ್ಣ ಎಂದು ಕೈ ಆಸೆಪಡುವಾಗ ಆಕೆ ನೆನಪಾಗುತ್ತಾಳೆ. ಅಂದು ಒಂದು ಮಾತು ಬಿಟ್ಟಿದ್ದರೆ ಸಾಕಿತ್ತು. ಜಲವರ್ಣದ ಹಾಗೆ, ಆಡಿದ ಮಾತನ್ನೂ ಒರೆಸಲು ಬರುವುದಿಲ್ಲ.

ಆ ಹುಡುಗನಿಗೆ ಒಂದು ಕಾಗದ ಬರೆದಿದ್ದೇನೆ. ಜೊತೆಗೆ ನಾನು ತೆಗೆದ ಬಾರಾಕಮಾನಿನ ಚಿತ್ರವೊಂದನ್ನು ಇಟ್ಟಿದ್ದೇನೆ. ಕಮಾನುಗಳು ಸೊಟ್ಟಗಿವೆ. ನೋಡಿ ಅವನು ನಗಲಿ. ಕಾಕಾ ಮತ್ತೆ ಕೇಳಿದರೆ ಹೇಳಲು ಒಂದು ಉತ್ತರವಾದರೂ ಸಿಕ್ಕಿತು: ಈ ಒಂದನ್ನು ಕೊಟ್ಟೆ.